ಇಂಟರ್‌ನೆಟ್ ಬಿಲ್ಲು ಹಿಡಿದು ಶೇಕಡಾ ಕಲಿಸಿದ ಮೂರು ಅವಧಿಗಳು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಹಾನಗಲ್ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಯ ಗಣಿತ. ಘಟಕ ಶೇಕಡಾ, ರಿಯಾಯಿತಿ ಮತ್ತು ತೆರಿಗೆ. ನಮ್ಮ ಗುಂಪಿನ ಉಳಿದ ಮೂವರು ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕಿನ ಶಾಲೆಗಳಲ್ಲಿದ್ದರು. ನಾಲ್ವರೂ ಬಿ.ಎಸ್ಸಿ.ಯಲ್ಲಿ ಗಣಿತ, ಭೌತಶಾಸ್ತ್ರ ಓದಿ ಬಿ.ಎಡ್.ಗೆ ಬಂದವರು. ಒಂದೇ ಘಟಕವನ್ನು ನಾಲ್ಕು ಕಡೆ ಬೇರೆ ಬೇರೆ ರೀತಿ ಮಾಡಿ ನೋಡೋಣ ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಇಲ್ಲಿ ಹೆಚ್ಚಿನದು ನನ್ನ ತರಗತಿಯಲ್ಲಿ ಆದದ್ದು. ಅವರ ತರಗತಿಗಳಿಂದ ಬಂದದ್ದನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

ನನ್ನ ಮೊದಲ ಪಾಠಯೋಜನೆಯ ಉದಾಹರಣೆ ಹೀಗಿತ್ತು: ‘ಒಂದು ಸೀರೆಯ ಬೆಲೆ ₹800. ಅಂಗಡಿಯವರು ಶೇ 10ರಷ್ಟು ರಿಯಾಯಿತಿ ಕೊಟ್ಟರೆ ಗ್ರಾಹಕರು ಕೊಡಬೇಕಾದ ಹಣ ಎಷ್ಟು?’ ಮಾರ್ಗದರ್ಶಕ ಶಿಕ್ಷಕಿ ಓದಿ ನಕ್ಕರು. “ಈ ಸೀರಿ ಹದಿನೈದ ವರ್ಷದಿಂದ ನೋಡಾಕತ್ತೀನಿ ನೋಡವ್ವಾ. ಎಷ್ಟ ಮಂದಿ ಟ್ರೇನಿಂಗಿಗೆ ಬಂದ್ರೂ ಇದರ ರೇಟ ಎಂಟನೂರನ ಐತಿ,” ಅಂದರು. ಸಹಿ ಮಾಡದೆ ಪುಸ್ತಕ ವಾಪಸು ಕೊಟ್ಟರು.

ಅವತ್ತು ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಎದುರಿನ ಕಂಬಕ್ಕೆ ಅಂಟಿಸಿದ ಒಂದು ಕರಪತ್ರ ಕಣ್ಣಿಗೆ ಬಿತ್ತು. ಫೈಬರ್ ಇಂಟರ್‌ನೆಟ್ಟಿನ ಜಾಹೀರಾತು. ‘ಅನ್‌ಲಿಮಿಟೆಡ್ ಇಂಟರ್‌ನೆಟ್! 40 ಎಂಬಿಪಿಎಸ್ ವರೆಗೆ! ತಿಂಗಳಿಗೆ ಬರೀ ₹399*’. ಕೆಳಗಿನ ಅಂಚಿನಲ್ಲಿ ಇರುವೆ ಸಾಲಿನಂತೆ ಇಂಗ್ಲಿಷಿನಲ್ಲಿ ಏನೋ ಇತ್ತು. ಶೇಕಡಾ, ತೆರಿಗೆ, ಏಕಮಾನ, ಅಸಮಾನತೆ, ಎಲ್ಲವೂ ಒಂದೇ ಹಾಳೆಯಲ್ಲಿ ಇದ್ದವು. ರಾತ್ರಿ ಗೆಳತಿಯರಿಗೆ ಫೋನ್ ಮಾಡಿ, ನಿಮ್ಮ ಊರುಗಳಲ್ಲೂ ಇಂಥದ್ದು ಸಿಕ್ಕರೆ ತನ್ನಿ ಎಂದೆ. ವಾರದೊಳಗೆ ನಾಲ್ಕು ತಾಲ್ಲೂಕಿನಿಂದ ಹನ್ನೊಂದು ಕರಪತ್ರ ಸೇರಿದವು. ತರಗತಿಗೆ ಒಯ್ಯುವ ಮೊದಲು ಕಂಪನಿಗಳ ಹೆಸರನ್ನು ಕತ್ತರಿಯಿಂದ ತೆಗೆದೆವು. ನಮಗೆ ಬೇಕಾಗಿದ್ದದ್ದು ಲೆಕ್ಕ, ಯಾರದೋ ಪ್ರಚಾರವೋ ಅಪಪ್ರಚಾರವೋ ಅಲ್ಲ.

ಮೊದಲ ಅವಧಿ: ಎಪ್ಪತ್ತೆರಡು ರೂಪಾಯಿ

ಕರಪತ್ರವನ್ನು ಕಪ್ಪುಹಲಗೆಗೆ ಅಂಟಿಸಿ, “ಇದನ್ನ ತಗೊಂಡ್ರ ತಿಂಗಳಿಗೆ ಎಷ್ಟು ಕೊಡಬೇಕಾಗತೈತಿ?” ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ 399 ಅಂದಿತು. ಕಿಟಕಿ ಪಕ್ಕದ ಬೆಂಚಿನ ಹುಡುಗಿ ಮಾತ್ರ ಎದ್ದು ನಿಂತಳು.

“ಮೇಡಂರೀ, ನಮ್ಮ ಮನ್ಯಾಗ ಇದ ಐತ್ರೀ. ಮುನ್ನೂರ ತೊಂಬತ್ತೊಂಬತ್ತ ಅಲ್ಲರೀ, ನಾಕನೂರ ಎಪ್ಪತ್ತೊಂದ ತಗೋತಾನ್ರೀ ಕೇಬಲ್‌ನಾವ. ನಡುವ ಎಪ್ಪತ್ತೆರಡ ರೂಪಾಯಿ ಹೊಡೀತಾನಂತ ನಮ್ಮಪ್ಪ ಜಗಳಾ ಮಾಡ್ಯಾನ್ರೀ.”

ನಾನು ಇಂಥದೇ ಉತ್ತರಕ್ಕೆ ಕಾಯುತ್ತಿದ್ದೆ. ಖುಷಿಯಿಂದ ಮುಂದುವರಿಯಬೇಕು ಅನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ, “ನಮ್ಮಣ್ಣ ಒಂದ ರೂಪಾಯಿನೂ ಹೊಡದಿಲ್ಲ!” ಎಂದು ಕೂಗಿದ. ಮುಖ ಕೆಂಪಗಾಗಿತ್ತು. ಆ ಊರಿನಲ್ಲಿ ಫೈಬರ್ ಎಳೆದು ಪ್ರತಿ ತಿಂಗಳು ಹಣ ಒಟ್ಟು ಮಾಡುವವನು ಇವನ ಅಣ್ಣ. ನನಗೆ ಗೊತ್ತಿರಲಿಲ್ಲ. ತರಗತಿ ಎರಡು ಪಕ್ಷವಾಗಲು ಅರ್ಧ ನಿಮಿಷ ಸಾಕಾಯಿತು. ನನ್ನ ಪಾಠಯೋಜನೆಯಲ್ಲಿ ‘ಪ್ರೇರಣೆ: 5 ನಿಮಿಷ’ ಎಂದಷ್ಟೇ ಇತ್ತು, ಜಗಳಕ್ಕೆ ಸಮಯ ಹಂಚಿರಲಿಲ್ಲ.

ಕರಪತ್ರದ ನಕ್ಷತ್ರ ಚಿಹ್ನೆಯನ್ನು ತೋರಿಸಿ, ಕೆಳಗಿನ ಸಣ್ಣ ಸಾಲನ್ನು ಓದಲು ಆ ಇಬ್ಬರನ್ನೇ ಮುಂದೆ ಕರೆದೆ. ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದರು. ಅದರ ಅರ್ಥ, ತೆರಿಗೆ ಪ್ರತ್ಯೇಕ ಎಂದು. ಇಂಟರ್‌ನೆಟ್ ಸೇವೆಯ ಮೇಲೆ ಜಿಎಸ್‌ಟಿ ಶೇ 18. ಬಿಲ್ಲಿನಲ್ಲಿ ಕೇಂದ್ರದ ಪಾಲು ಶೇ 9, ರಾಜ್ಯದ ಪಾಲು ಶೇ 9 ಎಂದು ಬೇರೆ ಬೇರೆ ಬರುತ್ತದೆ ಎಂದು ಹೇಳಿ ಲೆಕ್ಕ ಮಾಡಲು ಬಿಟ್ಟೆ. 399ರ ಶೇ 9 ಎಂದರೆ 35.91. ಎರಡು ಸಲ ಸೇರಿಸಿದರೆ 71.82. ಒಟ್ಟು ₹470.82, ಪೂರ್ಣಾಂಕಕ್ಕೆ ತಂದರೆ 471.

ಮೊದಲು ಲೆಕ್ಕ ಮುಗಿಸಿದ್ದು ಆ ಹುಡುಗಿಯೇ. ಬಹಳ ಹೊತ್ತು ತನ್ನ ಉತ್ತರವನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಹಿಂದಕ್ಕೆ ತಿರುಗಿ, “ನಿಮ್ಮಣ್ಣ ಹೊಡದಿಲ್ಲ ಬಿಡೋ,” ಅಂದಳು. ಹುಡುಗ ಉತ್ತರ ಕೊಡಲಿಲ್ಲ, ಆದರೆ ಪೆನ್ನು ಎತ್ತಿಕೊಂಡು ಲೆಕ್ಕ ಬರೆಯತೊಡಗಿದ.

ಅವಧಿ ಮುಗಿಯುವಾಗ ಇನ್ನೊಬ್ಬ ಕೇಳಿದ: “ಹಂಗಾರ ಕಂಪನಿಯಾವ್ರು ತಪ್ಪ ಬಿಲ್ಲ ಮಾಡಿದ್ರ ಯಾರಿಗೆ ಹೇಳಬೇಕ್ರೀ?” ನಾನು ತಡವರಿಸದೆ, “ಟ್ರಾಯ್‌ಗೆ ದೂರು ಕೊಟ್ಟರಾಯಿತು,” ಎಂದೆ. ಇದು ತಪ್ಪು ಉತ್ತರ. ಅದು ನನಗೆ ತಿಳಿದದ್ದು ರಾತ್ರಿ.

ಯಾರಿಗೆ ಹೇಳಬೇಕು

ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 1997ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಧಾರವಾಡದಿಂದ ಬೇರ್ಪಟ್ಟು ನಮ್ಮ ಹಾವೇರಿ ಜಿಲ್ಲೆಯಾದದ್ದೂ ಅದೇ ವರ್ಷ. ಮಕ್ಕಳಿಗೆ ಇಸವಿ ನೆನಪಿಡಲು ಇದು ಅನುಕೂಲವಾಯಿತು. ಟ್ರಾಯ್ ಕಂಪನಿಗಳಿಗೆ ನಿಯಮ ಮಾಡುತ್ತದೆ, ನಿರ್ದೇಶನ ಕೊಡುತ್ತದೆ, ಮಾಹಿತಿ ಕೇಳುತ್ತದೆ. ಆದರೆ ಒಬ್ಬೊಬ್ಬ ಗ್ರಾಹಕನ ದೂರನ್ನು ಅದು ವಿಚಾರಣೆ ಮಾಡುವುದಿಲ್ಲ. ಬೆಲೆಯನ್ನೂ ಸಾಮಾನ್ಯವಾಗಿ ಅದು ನಿಗದಿ ಮಾಡುವುದಿಲ್ಲ. ಎಷ್ಟು ರೂಪಾಯಿ ಎಂಬುದನ್ನು ಕಂಪನಿಯೇ ತೀರ್ಮಾನಿಸಿ, ಜಾರಿಗೆ ತಂದ ಏಳು ಕೆಲಸದ ದಿನಗಳೊಳಗೆ ಟ್ರಾಯ್‌ಗೆ ವರದಿ ಮಾಡಬೇಕು. ಸರ್ಕಾರವೇ ದರ ಕಟ್ಟುತ್ತದೆ ಎಂದು ನಾನೂ ನಂಬಿದ್ದೆ, ಬಸ್ ದರದ ಹಾಗೆ.

2012ರ ಜನವರಿಯ ನಿಯಮಗಳ ಪ್ರಕಾರ ದೂರಿಗೆ ಕಂಪನಿಯೊಳಗೇ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ದೂರು ಕೇಂದ್ರ. ಅಲ್ಲಿ ದೂರು ದಾಖಲಾದರೆ ಅದಕ್ಕೊಂದು ಸಂಖ್ಯೆ ಕೊಡಲೇಬೇಕು. ಆ ಸಂಖ್ಯೆ ಇಲ್ಲದಿದ್ದರೆ ನೀವು ಫೋನ್ ಮಾಡಿದ್ದಕ್ಕೆ ಸಾಕ್ಷಿಯೇ ಇಲ್ಲ. ಅಲ್ಲಿ ಸಮಾಧಾನವಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, 39 ದಿನಗಳೊಳಗೆ ತೀರ್ಮಾನ ಆಗಬೇಕು. ಇವೆರಡರ ಹೊರಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕರ ಆಯೋಗ ಇದೆ. ಆಯೋಗದಲ್ಲಿ ₹5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ.

ಆಯೋಗದ ಬಾಗಿಲು ದೂರಸಂಪರ್ಕದ ಗ್ರಾಹಕರಿಗೆ ಬಹಳ ವರ್ಷ ಅರ್ಧ ಮುಚ್ಚಿತ್ತು. ಹಳೆಯ ಟೆಲಿಗ್ರಾಫ್ ಕಾಯ್ದೆಯಲ್ಲಿ ಇಂಥ ವ್ಯಾಜ್ಯಕ್ಕೆ ಬೇರೆ ದಾರಿ ಇರುವುದರಿಂದ ಗ್ರಾಹಕ ವೇದಿಕೆಗೆ ಬರುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನು ಬಿಡಿಸಿದ್ದು ಅಹಮದಾಬಾದಿನ ಒಬ್ಬ ಮೊಬೈಲ್ ಗ್ರಾಹಕರ ಪ್ರಕರಣ. ಅವರ ಬಿಲ್ಲು ಸರಾಸರಿ ತಿಂಗಳಿಗೆ ₹555 ಬರುತ್ತಿತ್ತು. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಬಿಲ್ಲು ಬಂದದ್ದು ₹24,609.51. ಅವರು ಜಿಲ್ಲಾ ಗ್ರಾಹಕ ವೇದಿಕೆಗೆ ಹೋದರು. ಕಂಪನಿ ಆ ವೇದಿಕೆಗೆ ಅಧಿಕಾರವೇ ಇಲ್ಲ ಎಂದು ವಾದಿಸಿ ಸುಪ್ರೀಂ ಕೋರ್ಟಿನವರೆಗೆ ಒಯ್ದಿತು. ವೊಡಾಫೋನ್ ಐಡಿಯಾದ ಆ ಮೇಲ್ಮನವಿಯನ್ನು 2022ರ ಫೆಬ್ರುವರಿ 16ರಂದು ಕೋರ್ಟು ತಳ್ಳಿಹಾಕಿ, ದೂರಸಂಪರ್ಕ ಸೇವೆಯ ದೂರನ್ನು ಗ್ರಾಹಕ ವೇದಿಕೆ ಕೇಳಬಹುದು ಎಂದಿತು. ನಾನು ಇದನ್ನು ಅನುಪಾತದ ಲೆಕ್ಕವಾಗಿ ಕೊಟ್ಟೆ: ಬಂದ ಬಿಲ್ಲು ಸರಾಸರಿಯ ಎಷ್ಟು ಪಟ್ಟು? ಸುಮಾರು 44 ಪಟ್ಟು. ತಮ್ಮ ಮನೆಯ 471ನ್ನು 44ರಿಂದ ಗುಣಿಸಿ ನೋಡಿದ ಮಕ್ಕಳು ಹೌಹಾರಿದರು. ಕೋರ್ಟು ಆ ದಿನ ತೀರ್ಮಾನಿಸಿದ್ದು ಬಿಲ್ಲು ಸರಿಯೋ ತಪ್ಪೋ ಎಂಬುದನ್ನಲ್ಲ, ಅದನ್ನು ಯಾರು ಕೇಳಬಹುದು ಎಂಬುದನ್ನು ಮಾತ್ರ. ಅಷ್ಟಕ್ಕೇ ಎಂಟು ವರ್ಷ ಹಿಡಿದಿತ್ತು ಎನ್ನುವುದನ್ನೂ ಮರೆಮಾಡದೆ ಹೇಳಿದೆ.

ಎರಡನೇ ಅವಧಿ: ಲೆಕ್ಕ ಕೂಡಲಿಲ್ಲ

ಮರುದಿನ ತರಗತಿಗೆ ಹೋದ ಕೂಡಲೇ, “ನಿನ್ನೆ ಟ್ರಾಯ್ ಬಗ್ಗೆ ನಾನು ಹೇಳಿದ್ದು ತಪ್ಪು,” ಎಂದು ಹೇಳಿ ಮೇಲಿನ ಮೆಟ್ಟಿಲುಗಳನ್ನು ಹಲಗೆಯ ಮೇಲೆ ಬರೆದೆ. ಟೀಚರ್ ತಪ್ಪು ಒಪ್ಪಿಕೊಂಡದ್ದು ಅವರಿಗೆ ಮೆಟ್ಟಿಲುಗಳಿಗಿಂತ ಹೆಚ್ಚು ಸ್ವಾರಸ್ಯವಾಗಿ ಕಂಡಿತು. ಅಷ್ಟರಲ್ಲಿ ಕಿಟಕಿ ಪಕ್ಕದ ಹುಡುಗಿ ಮತ್ತೆ ಎದ್ದಳು. ಮನೆಯಲ್ಲಿ ಅಪ್ಪನಿಗೆ ಲೆಕ್ಕ ತೋರಿಸಿದ್ದಳಂತೆ. ಅವರು, “ಅದು ಮೊದಲಿನ ಮಾತು. ಎರಡ ತಿಂಗಳಾತು, ಐನೂರ ಮೂವತ್ತ ತಗೊಳ್ಳಾಕತ್ತಾನ,” ಎಂದು ಹೇಳಿ ಕಳಿಸಿದ್ದರು.

ಹಿಂದಿನ ಸಾಲು ಮತ್ತೆ ಬಿಸಿಯಾಯಿತು. ಈ ಸಲ ನಾನು ಬೇಗ ಸೀಮೆಸುಣ್ಣ ಎತ್ತಿದೆ. ತೆರಿಗೆ ಸೇರಿ 530 ಆದರೆ ಮೂಲ ಬೆಲೆ ಎಷ್ಟು?

ಇಲ್ಲಿ ಒಂದು ಮಾತನ್ನು ಸಹಪ್ರಶಿಕ್ಷಣಾರ್ಥಿಗಳಿಗೆ ವಿವರವಾಗಿ ಹೇಳಬೇಕು. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೊಂದು ಮಂದಿ 530ರ ಶೇ 18 ತೆಗೆದು, ಅಂದರೆ 95.40, ಅದನ್ನು ಕಳೆದು 434.60 ಎಂದು ಬರೆದರು. ಸೀರೆಯ ಉದಾಹರಣೆಯಲ್ಲಿ ಈ ತಪ್ಪು ಬಂದಿದ್ದರೆ ನಾನು ಸೂತ್ರ ಹೇಳಿ ಮುಂದೆ ಹೋಗುತ್ತಿದ್ದೆ. ಇಲ್ಲಿ ಹಾಗೆ ಆಗಲಿಲ್ಲ, ಏಕೆಂದರೆ ಉತ್ತರ ತಪ್ಪಾದರೆ ಒಬ್ಬರ ಅಣ್ಣನ ಮೇಲೆ ಆಪಾದನೆ ಬರುತ್ತಿತ್ತು. “434.60ಕ್ಕೆ ಶೇ 18 ಕೂಡಿಸಿ ನೋಡ್ರಿ, 530 ಬರತೈತಿ?” ಎಂದೆ. 512.83 ಬಂತು. ಎಲ್ಲಿ ತಪ್ಪಿತು ಎಂದು ಅವರವರೇ ಹುಡುಕತೊಡಗಿದರು. ಕೊನೆಗೆ ಕಂಡುಹಿಡಿದವನು ಕೇಬಲ್‌ನವನ ತಮ್ಮ. “ಶೇಕಡಾ ಹಚ್ಚೂದು 530ಕ್ಕ ಅಲ್ರೀ, ಅದಕ್ಕಿಂತ ಮೊದಲಿನ ರೊಕ್ಕಕ್ಕ,” ಅಂದ. ಮೂಲ ಬೆಲೆ 100 ಇದ್ದರೆ 118 ಆಗುತ್ತದೆ. 530ನ್ನು 118ರಿಂದ ಭಾಗಿಸಿ 100ರಿಂದ ಗುಣಿಸಬೇಕು. 449.15. ಅಂದರೆ 449. ಅದರಲ್ಲಿ 399 ಕಳೆದರೆ ಸರಿಯಾಗಿ 50.

ಯಾವ ₹50? ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ. ಬಿಲ್ಲು ಬೇಕಾಗಿತ್ತು. ಅವರ ಮನೆಯಲ್ಲಿ ಬಿಲ್ಲೇ ಇರಲಿಲ್ಲ. ಹಣ ಕೊಟ್ಟಾಗ ಹುಡುಗನ ಅಣ್ಣ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ, ಅಷ್ಟೇ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಆ ಅಣ್ಣ ತಾನಾಗಿಯೇ ಬಂದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು, ನನಗಿಂತ ಚಿಕ್ಕವನು. “ಟೀಚರ, ಊರಾಗ ನನ್ನ ಕಳ್ಳ ಅಂತಾರ. ನಾ ಕಂಪನಿ ತೋರಿಸಿದಷ್ಟ ತಗೋತೀನ್ರೀ,” ಅಂದ. ಸಂಪರ್ಕ ಕೊಡುವಾಗ ಗ್ರಾಹಕರ ಇಮೇಲ್ ಕೇಳುತ್ತಾರೆ; ಆ ಮನೆಯಲ್ಲಿ ಯಾರಿಗೂ ಇಮೇಲ್ ಇರಲಿಲ್ಲವಾದ್ದರಿಂದ ಇವನೇ ಒಂದನ್ನು ತೆರೆದುಕೊಟ್ಟಿದ್ದ. ಬಿಲ್ಲುಗಳೆಲ್ಲ ಅಲ್ಲಿಗೆ ಹೋಗುತ್ತಿದ್ದವು, ಯಾರೂ ತೆರೆದಿರಲಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಹುಡುಗಿಯ ತಂದೆಯನ್ನೂ ಕರೆಸಿ, ಅವರೆದುರಿಗೇ ಬಿಲ್ಲು ತೆಗೆದೆವು. ಒಂದು ಸಾಲಿನಲ್ಲಿ ಮನರಂಜನಾ ಪ್ಯಾಕ್ ₹50 ಎಂದಿತ್ತು. ಮೊದಲ ಮೂರು ತಿಂಗಳು ಉಚಿತ, ಆಮೇಲೆ ತಾನೇ ಹಣಕ್ಕೆ ತಿರುಗಿಕೊಂಡದ್ದು. ತಂದೆ ಬಿಲ್ಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ನಾವು ಕೇಳೇ ಇಲ್ಲಲ್ರೀ ಟೀಚರ,” ಅಂದರು. ಆಮೇಲೆ ಆ ಹುಡುಗನ ಕಡೆ ತಿರುಗಿ, “ತಮ್ಮಾ, ಚಾ ಕುಡದ್ಯಾ?” ಎಂದು ಕೇಳಿದರು.

ಇದು ಆ ಊರಿನದ್ದಷ್ಟೇ ಸಮಸ್ಯೆಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳ ಪಟ್ಟಿ ಇದೆ. ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ಕೇಳದ ವಸ್ತುವನ್ನು ಬುಟ್ಟಿಗೆ ಗುಟ್ಟಾಗಿ ಸೇರಿಸುವುದು, ಬೆಲೆಯನ್ನು ಒಮ್ಮೆಗೇ ಹೇಳದೆ ಹನಿಹನಿಯಾಗಿ ಬಿಚ್ಚುವುದು ಅದರಲ್ಲಿವೆ. ಉಚಿತ ಅವಧಿ ಮುಗಿದು ಹಣ ಶುರುವಾಗುವಾಗ ಗ್ರಾಹಕರಿಗೆ ತಿಳಿಸದಿರುವುದೂ ಅಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು. ಮೊಬೈಲಿನಲ್ಲಿ ಇಂಥ ಹೆಚ್ಚುವರಿ ಸೇವೆ ಶುರುಮಾಡಲು ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಬೇಕೆಂದು ಟ್ರಾಯ್ 2013ರ ಜುಲೈನಲ್ಲೇ ನಿರ್ದೇಶಿಸಿದೆ. ಅದನ್ನು ನಿಲ್ಲಿಸಲು 155223 ಎಂಬ ಉಚಿತ ಸಂಖ್ಯೆ ಇದೆ. ಈ ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿದ್ದೆ; ವಾರ ಕಳೆದರೂ ಯಾರೂ ಅಳಿಸಿರಲಿಲ್ಲ.

ಮೂರನೇ ಅವಧಿ: ಎಂಬಿ ಅಂದರೆ ಯಾವ ಎಂಬಿ

ವೇಗದ ಲೆಕ್ಕವನ್ನು ಮೊದಲು ಮಾಡಿದ್ದು ಶಿಗ್ಗಾವಿಯ ಗೆಳತಿ. ನಾನು ಅವಳಿಂದ ಎರವಲು ತಂದೆ. ಪ್ರಶ್ನೆ: 40 ಎಂಬಿಪಿಎಸ್ ವೇಗದಲ್ಲಿ 700 ಎಂಬಿಯ ಸಿನಿಮಾ ಇಳಿಸಲು ಎಷ್ಟು ಹೊತ್ತು? ಎಲ್ಲರೂ 700ನ್ನು 40ರಿಂದ ಭಾಗಿಸಿ 17.5 ಸೆಕೆಂಡ್ ಎಂದರು. ಮನೆಯಲ್ಲಿ ಫೈಬರ್ ಇರುವ ಮಕ್ಕಳು ಮಾತ್ರ, ಅಷ್ಟು ಬೇಗ ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದರು. ವೇಗವನ್ನು ಬಿಟ್‌ನಲ್ಲಿ ಅಳೆಯುತ್ತಾರೆ, ಕಡತದ ಗಾತ್ರವನ್ನು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ಸೆಕೆಂಡಿಗೆ 40 ಮೆಗಾಬಿಟ್ ಎಂದರೆ 5 ಮೆಗಾಬೈಟ್. ಸಿನಿಮಾಕ್ಕೆ 140 ಸೆಕೆಂಡ್, ಎರಡು ನಿಮಿಷ ಇಪ್ಪತ್ತು ಸೆಕೆಂಡ್.

ಇಂಗ್ಲಿಷಿನಲ್ಲಿ ಬಿಟ್‌ಗೆ ಸಣ್ಣ ‘ಬಿ’, ಬೈಟ್‌ಗೆ ದೊಡ್ಡ ‘ಬಿ’ ಬರೆಯುವುದರಿಂದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ‘ಎಂಬಿ’ ಎಂದು ಬರೆದರೆ ಎರಡೂ ಒಂದೇ. ನಮ್ಮ ಹನ್ನೊಂದು ಕರಪತ್ರಗಳಲ್ಲಿ ಯಾವುದರಲ್ಲೂ ‘ಮೆಗಾಬಿಟ್’ ಎಂದು ಬಿಡಿಸಿ ಬರೆದಿರಲಿಲ್ಲ. ಯಾರೋ ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ನಾನು ಹೇಳಲಾರೆ. ಆದರೆ ಕನ್ನಡದಲ್ಲಿ ವಿಜ್ಞಾನ ಬರೆಯುವ ನಮಗೆ, ಏಕಮಾನವನ್ನು ಪೂರ್ತಿ ಬರೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

‘ವರೆಗೆ’ ಎಂಬ ಪದಕ್ಕೂ ಅವಳು ಅರ್ಧ ಅವಧಿ ಕೊಟ್ಟಳು. ಶಾಲೆಯ ಕಚೇರಿಯಲ್ಲಿದ್ದ ಸಂಪರ್ಕವೂ ‘40 ವರೆಗೆ’ ಎಂಬುದೇ. ಟ್ರಾಯ್‌ನ ಮೈಸ್ಪೀಡ್ ಎಂಬ ಆ್ಯಪ್‌ನಿಂದ ಮಕ್ಕಳು ಮೂರು ಸಲ ಅಳೆದರು: 11.4, 8.9, 12.7. ಸರಾಸರಿ 11. ಹಾಗಾದರೆ ಜಾಹೀರಾತು ಸುಳ್ಳೇ? x ≤ 40 ಎಂದು ಬರೆದರೆ 11 ಅದರೊಳಗೇ ಬರುತ್ತದೆ. ಜೊತೆಗೆ ಅವರು ಅಳೆದದ್ದು ಗೋಡೆಯಾಚೆ ವರಾಂಡದಲ್ಲಿ ನಿಂತು. ರೂಟರ್ ಪಕ್ಕಕ್ಕೆ ಹೋದಾಗ ಸಂಖ್ಯೆ ಏರಿತು. ಕಂಪನಿಯನ್ನು ಬೈಯಲು ಸಿದ್ಧವಾಗಿದ್ದ ಮಕ್ಕಳು ಅಳತೆಯ ಕ್ರಮವನ್ನು ಪ್ರಶ್ನಿಸಿಕೊಳ್ಳಬೇಕಾಯಿತು. ಆ ತರಗತಿಯ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ.

‘ಅನ್‌ಲಿಮಿಟೆಡ್’ ಎಂಬುದಕ್ಕೂ ಮಿತಿ ಇರುತ್ತದೆ. ಕೆಲವು ಯೋಜನೆಗಳಲ್ಲಿ ಅದು ತಿಂಗಳಿಗೆ 3,300 ಜಿಬಿ. ಅಲ್ಲಿಗೆ ಮುಟ್ಟಿದರೆ ವೇಗ ಇಳಿಯುತ್ತದೆ. ಟ್ರಾಯ್ 2016ರ ಅಕ್ಟೋಬರ್ 31ರಂದು ಕೊಟ್ಟ ನಿರ್ದೇಶನದ ಪ್ರಕಾರ ಮಿತಿ ಎಷ್ಟು, ಅಲ್ಲಿಯವರೆಗೆ ವೇಗ ಎಷ್ಟು, ಆಮೇಲೆ ಎಷ್ಟು ಎಂಬುದನ್ನು ಜಾಹೀರಾತಿನಲ್ಲೂ ಹೇಳಬೇಕು; ಇಳಿದ ವೇಗ ಸೆಕೆಂಡಿಗೆ 512 ಕಿಲೋಬಿಟ್‌ಗಿಂತ ಕಡಿಮೆ ಆಗಬಾರದು. ಆ ವೇಗದಲ್ಲಿ ಅದೇ ಸಿನಿಮಾ ಇಳಿಸಲು ಮೂರು ಗಂಟೆ ಬೇಕು. ಇದನ್ನು ಕಂಡು ಮಕ್ಕಳು ಮೋಸ ಮೋಸ ಅಂದರು. ನಾನು ಇನ್ನೊಂದು ಲೆಕ್ಕ ಕೊಟ್ಟೆ: ತಿಂಗಳಿಗೆ 3,300 ಎಂದರೆ ದಿನಕ್ಕೆ 110 ಜಿಬಿ. ಸೆಕೆಂಡಿಗೆ 5 ಮೆಗಾಬೈಟ್‌ನಂತೆ ಹಗಲು ರಾತ್ರಿ ಬಿಡದೆ ಇಳಿಸುತ್ತಿದ್ದರೂ ಮಿತಿ ಮುಟ್ಟಲು ಏಳೂವರೆ ದಿನಕ್ಕಿಂತ ಹೆಚ್ಚು ಬೇಕು. ನಮ್ಮ ಕಡೆಯ ಒಂದು ಮನೆ ಅಷ್ಟು ಖರ್ಚು ಮಾಡುವುದು ಕಷ್ಟ. ಪದ ಸರಿಯಲ್ಲ, ಆದರೆ ಅದರಿಂದ ಹೆಚ್ಚಿನವರಿಗೆ ನಷ್ಟವೂ ಇಲ್ಲ. ನಷ್ಟ ಎಲ್ಲಿದೆ ಎಂದು ಕೇಳಿದರೆ ನಾನು ಆ ₹50ರ ಸಾಲಿನ ಕಡೆಗೇ ಬೆರಳು ತೋರಿಸುತ್ತೇನೆ.

ಸವಣೂರು ಮತ್ತು ಹಿರೇಕೆರೂರಿನಿಂದ

ಸವಣೂರಿನ ತರಗತಿಯಲ್ಲಿ ಫೈಬರ್ ಇದ್ದ ಮನೆಗಳು ಎರಡೇ. ಹಾಗಾಗಿ ಅಲ್ಲಿನ ಗೆಳತಿ ಮೊಬೈಲ್ ರೀಚಾರ್ಜ್ ಹಿಡಿದಳು. 28 ದಿನದ ಪ್ಯಾಕ್ ವರ್ಷಕ್ಕೆ ಎಷ್ಟು ಸಲ ಹಾಕಿಸಬೇಕು? 365ನ್ನು 28ರಿಂದ ಭಾಗಿಸಿದರೆ 13 ಬಂದು ಒಂದು ದಿನ ಉಳಿಯುತ್ತದೆ. ₹299ರ ಪ್ಯಾಕ್ ಆದರೆ ಹದಿಮೂರು ಸಲಕ್ಕೆ 3,887. ತಿಂಗಳಿಗೊಂದರಂತೆ ಹನ್ನೆರಡು ಸಲಕ್ಕೆ 3,588. ಒಂದು ಪೂರ್ತಿ ರೀಚಾರ್ಜಿನ ವ್ಯತ್ಯಾಸ. ಈ ದೂರು ಹೆಚ್ಚಾದ ಮೇಲೆ ಟ್ರಾಯ್ 2022ರ ಜನವರಿ 27ರಂದು ಆದೇಶ ಮಾಡಿ, 30 ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳು ಒಂದೇ ತಾರೀಖಿಗೆ ನವೀಕರಿಸುವ ಪ್ಯಾಕ್ ಕನಿಷ್ಠ ಒಂದೊಂದಾದರೂ ಇರಬೇಕು ಎಂದಿತು. 28 ದಿನದ್ದನ್ನು ನಿಲ್ಲಿಸಲಿಲ್ಲ. ಆಯ್ಕೆ ಕೊಟ್ಟಿತು ಅಷ್ಟೇ. ಆಯ್ಕೆ ಇದೆ ಎಂಬುದು ಆ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಹುಡುಗ, “ನಮ್ಮಮ್ಮ ಬರೀ ಫೋನ್ ಎತ್ತತಾಳ್ರೀ, ನೆಟ್ ಯಾಕ ಬೇಕು?” ಎಂದು ಅಜ್ಜಿಯ ಬಗ್ಗೆ ಕೇಳಿದನಂತೆ. ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಇರಲೇಬೇಕು ಎಂಬ ನಿಯಮವೂ 2024ರ ಡಿಸೆಂಬರಿನಲ್ಲಿ ಬಂದಿದೆ.

ಹಿರೇಕೆರೂರಿನಲ್ಲಿ ಅಳತೆಪಟ್ಟಿ ಕೆಲಸ ಮಾಡಿತು. ಅಲ್ಲಿ ಸಿಕ್ಕ ಕರಪತ್ರದಲ್ಲಿ 399ರ ಅಂಕಿಗಳ ಎತ್ತರ 42 ಮಿ.ಮೀ., ಷರತ್ತಿನ ಅಕ್ಷರಗಳದ್ದು 1.5 ಮಿ.ಮೀ.; ಅನುಪಾತ 28:1. ಹಕ್ಕು ಸಾರುವ ಸಾಲು ಕನ್ನಡ, ಷರತ್ತು ಇಂಗ್ಲಿಷ್. ದಾರಿ ತಪ್ಪಿಸುವ ಜಾಹೀರಾತು ತಡೆಯುವ 2022ರ ಜೂನ್ 9ರ ಮಾರ್ಗಸೂಚಿ ಹೇಳುವುದು ಇದಕ್ಕೆ ತದ್ವಿರುದ್ಧ: ಷರತ್ತು ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು, ಅದೇ ಬಗೆಯ ಅಕ್ಷರದಲ್ಲಿರಬೇಕು, ಎದ್ದು ಕಾಣುವ ಜಾಗದಲ್ಲಿರಬೇಕು. ಮಾಧ್ಯಮ ಯಾವುದಾದರೂ ಸರಿ, ಕಂಬದ ಕರಪತ್ರಕ್ಕೂ ಅದು ಅನ್ವಯ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಹನ್ನೊಂದರಲ್ಲಿ ಒಂಬತ್ತು ಕರಪತ್ರಗಳ ಷರತ್ತು ಇಂಗ್ಲಿಷಿನಲ್ಲೇ ಇತ್ತು. ಆ ತರಗತಿಯ ಕನ್ನಡ ಶಿಕ್ಷಕರು ಒಂದು ಕರಪತ್ರವನ್ನು ಎರವಲು ಪಡೆದು, ಷರತ್ತನ್ನು ಕನ್ನಡದಲ್ಲಿ ಬರೆಯಿರಿ ಎಂದು ಮಕ್ಕಳಿಗೆ ಕೊಟ್ಟರಂತೆ.

ಪಾಠದ ದೋಷಗಳು

ವಿಮರ್ಶಾ ಪಾಠದ ದಿನ ನನ್ನ ವೀಕ್ಷಣಾ ಪುಸ್ತಕದಲ್ಲಿ ‘ವಿಷಯಾಂತರ, ಗಣಿತದ ಅವಧಿಯಲ್ಲಿ ಕಾನೂನು’ ಎಂಬ ಟಿಪ್ಪಣಿ ಬಿತ್ತು. ಒಪ್ಪುತ್ತೇನೆ, ಭಾಗಶಃ. ಮೂರು ಅವಧಿಯಲ್ಲಿ ಸುಮಾರು ಮೂವತ್ತು ನಿಮಿಷ ನಾನು ಗಣಿತ ಬಿಟ್ಟು ಬೇರೆ ಮಾತಾಡಿದ್ದೇನೆ, ಅಭ್ಯಾಸದ ಎಂಟು ಲೆಕ್ಕ ಉಳಿದವು. ಆದರೆ ಘಟಕ ಪರೀಕ್ಷೆಯಲ್ಲಿ ತೆರಿಗೆ ಸೇರಿದ ಬೆಲೆಯಿಂದ ಮೂಲ ಬೆಲೆ ಕಂಡುಹಿಡಿಯುವ ಲೆಕ್ಕವನ್ನು ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಮಂದಿ ಸರಿ ಮಾಡಿದರು. ಆ ಲೆಕ್ಕದಲ್ಲಿದ್ದದ್ದು ಫ್ರಿಡ್ಜ್, ಇಂಟರ್‌ನೆಟ್ ಅಲ್ಲ.

ಟಿಪ್ಪಣಿಯಲ್ಲಿ ಬರದ ದೋಷ ಇನ್ನೊಂದಿದೆ, ಅದು ದೊಡ್ಡದು. ಮೊದಲ ಪ್ರಶ್ನೆಯನ್ನೇ ನಾನು ಮನೆಗಳ ಕಡೆ ತಿರುಗಿಸಿದೆ. ಯಾರ ಮನೆಯಲ್ಲಿ ಸಂಪರ್ಕ ಇದೆ, ಯಾರ ಮನೆಯಲ್ಲಿ ಇಲ್ಲ ಎಂಬುದು ಐದು ನಿಮಿಷದಲ್ಲಿ ಬಯಲಾಯಿತು. ಇಲ್ಲದವರು ಇಪ್ಪತ್ತಕ್ಕಿಂತ ಹೆಚ್ಚು. ಒಬ್ಬ ಹುಡುಗನ ಅಣ್ಣನನ್ನು ಎಲ್ಲರೆದುರು ಕಳ್ಳ ಎನ್ನುವ ಮಾತಿಗೆ ನಾನೇ ದಾರಿ ಮಾಡಿದ್ದೆ. ಲೆಕ್ಕ ಅವನ ಪರವಾಗಿ ಬಂದದ್ದು ನನ್ನ ಅದೃಷ್ಟ. ಮುಂದಿನ ಸಲ ಮಾದರಿ ಬಿಲ್ಲಿನಿಂದ ಶುರುಮಾಡುತ್ತೇನೆ. ನಿಜವಾದ ಬಿಲ್ಲು ತರಗತಿಗೆ ಬಂದರೆ ಹೆಸರು, ಗ್ರಾಹಕ ಸಂಖ್ಯೆ, ಫೋನ್ ಸಂಖ್ಯೆಗಳ ಮೇಲೆ ಕಾಗದ ಅಂಟಿಸಿದ ಮೇಲೆಯೇ ಅದು ಮಕ್ಕಳ ಕೈಗೆ ಹೋಗಬೇಕು. ಬಿ.ಎಡ್. ವಿದ್ಯಾರ್ಥಿಯೊಬ್ಬಳು ಊರಿನ ಜಗಳದಲ್ಲಿ ಎಷ್ಟು ಒಳಗೆ ಹೋಗಬಹುದು ಎಂಬ ಪ್ರಶ್ನೆಗೆ ನಮ್ಮ ಕೈಪಿಡಿಯಲ್ಲಿ ಉತ್ತರವಿಲ್ಲ. ಮಾರ್ಗದರ್ಶಕ ಶಿಕ್ಷಕಿ ಜೊತೆಗಿರದಿದ್ದರೆ ಶನಿವಾರದ ಆ ಭೇಟಿಗೆ ನಾನು ಒಪ್ಪುತ್ತಿರಲಿಲ್ಲ.

ಹುಡುಗಿಯ ತಂದೆ ದೂರು ಕೇಂದ್ರಕ್ಕೆ ಫೋನ್ ಮಾಡಿ ಸಂಖ್ಯೆ ಪಡೆದರು. ಆರನೇ ದಿನ, ದೂರು ಬಗೆಹರಿದಿದೆ ಎಂದು ಇಂಗ್ಲಿಷಿನಲ್ಲಿ ಸಂದೇಶ ಬಂತು. ಮುಂದಿನ ಬಿಲ್ಲಿನಲ್ಲಿ ₹50ರ ಸಾಲು ಇರಲಿಲ್ಲ, 471 ಮರಳಿತ್ತು. ಆದರೆ ಹಿಂದಿನ ಎರಡು ತಿಂಗಳ ಹಣ, ತೆರಿಗೆ ಸೇರಿ ₹118, ಬರಲಿಲ್ಲ. ₹118ಕ್ಕಾಗಿ ಇಷ್ಟೆಲ್ಲ ಯಾಕೆ ಎಂದು ಅವರ ಮನೆಯಲ್ಲೇ ಮಾತು ಬಂತಂತೆ. ಮೇಲ್ಮನವಿಯನ್ನು ಕನ್ನಡದಲ್ಲಿ ಬರೆದವಳು ಮಗಳು. ಅದನ್ನು ಫೋನಿನಿಂದ ಕಳಿಸಿಕೊಟ್ಟವನು ಕೇಬಲ್‌ನವನು. ಬಿಲ್ಲನ್ನು ಈಗ ಪ್ರತಿ ಮನೆಗೂ ಮುದ್ರಿಸಿ ಕೊಡುತ್ತಿದ್ದಾನೆ, ಹಾಳೆಗೆ ಎರಡು ರೂಪಾಯಿ ತನ್ನ ಕೈಯಿಂದ. ನಾನು ಶಾಲೆಯಿಂದ ಬಿಡುಗಡೆಯಾಗುವ ದಿನ ಹುಡುಗಿ ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದಳು. 1ರಿಂದ 39ರವರೆಗೆ ಚೌಕ ಹಾಕಿಕೊಂಡಿದ್ದಳು; ಹದಿನಾಲ್ಕಕ್ಕೆ ಗೆರೆ ಎಳೆದಿತ್ತು.